ಕೆರೆ ತಿರುಗಿಸಿದ ಅಳಿಯ

ಇದು ನಡೆದದ್ದೇ. ಒಂದು ಮಾತು ಹೆಚ್ಚಿಗೆ ಹೇಳಿದ್ದರೆ ಇನ್ನು ಮುಂದೆ ನಾನು ತಿನ್ನುವ ಮೀನಿನ ಮುಳ್ಳೆಲ್ಲ ಗಂಟಲಲ್ಲೇ ನಿಲ್ಲಲಿ. ಕುಮಟೆಯವನು ಇದಕ್ಕಿಂತ ದೊಡ್ಡ ಆಣೆ ಹಾಕುವುದಿಲ್ಲ.

ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟು ಮೀನಿನ ಲಾರಿಗೆ ಐಸು ತುಂಬಿದವನು. ಜೀವಮಾನವಿಡೀ ಮೀನಿನ ಮೇಲೆ ಐಸು ಹಾಕಿದೆ. ಐಸಿನ ಕೆಳಗೆ ಮೀನು ಬದುಕಿರುವುದನ್ನು ಕಂಡದ್ದು ಸ್ವೀಡನ್ನಿನಲ್ಲೇ. ಮಗಳು ಅದಿತಿ, ಅಳಿಯ ಉಮಾಕಾಂತ ಇರುವುದು ಅಲ್ಲಿನ ಉಮೆಯೊದಲ್ಲಿ. ಅಳಿಯ ಯೂನಿವರ್ಸಿಟಿಯಲ್ಲಿ ಏನೋ ಸಂಶೋಧನೆ ಮಾಡುತ್ತಾನೆ. ಏನೆಂದು ಎರಡು ಸಲ ಹೇಳಿದ, ಎರಡು ಸಲವೂ ನನಗೆ ನಿದ್ದೆ ಬಂತು.

ಆ ಚಳಿಗಾಲವಿಡೀ ಅವನು ನನಗೆ ಫೋಟೊ ಕಳಿಸುತ್ತಿದ್ದ. ಕೈಯಲ್ಲಿ ಮೊಳದುದ್ದದ ಮೀನು, ಕೆಳಗೆ 'ಮಾವ, ಇವತ್ತಿನ ಕ್ಯಾಚ್' ಎಂಬ ಬರಹ. ನಮ್ಮ ಮೀನುಪೇಟೆಯಲ್ಲಿ ನಾನು ಆ ಫೋಟೊ ತೋರಿಸದ ಮನುಷ್ಯ ಉಳಿದಿರಲಿಲ್ಲ.

ಏಪ್ರಿಲ್‌ನಲ್ಲಿ ನಾನೂ ನನ್ನ ಹೆಂಡತಿ ಶಕುಂತಲೆಯೂ ಅಲ್ಲಿಗೆ ಹೋದೆವು. ನಾವೆಲ್ಲ ಅವರ ಹೆಪ್ಪುಗಟ್ಟಿದ ಕೆರೆಗೆ ಹೋದದ್ದು ಮೀನು ಹಿಡಿಯುವ ಕೊನೆಯ ಭಾನುವಾರ. ಐಸು ಇನ್ನೂ ಗಟ್ಟಿಯಿತ್ತು. ಆದರೆ ಅದರ ಮೇಲೆ ಕೂರಲು ಇಟ್ಟುಕೊಂಡ ಮರದ ಗೂಡನ್ನು ಸಂಜೆಯೊಳಗೆ ದಡಕ್ಕೆ ಎಳೆದುಬಿಡಬೇಕು. ಗೂಡು ಪಕ್ಕದ ಮನೆಯ ಮುದುಕ ಯೋತೆಯದು. ಯೋತೆ ನಮ್ಮ ಗಿಣ್ಣಿನಂಥ ಚೀಸನ್ನು ಕಾಫಿಯೊಳಗೆ ಹಾಕಿಕೊಂಡು ಕುಡಿಯುತ್ತಾನೆ. ನಮಗೂ ಕೊಟ್ಟ. ಕಾಫಿ ಕುಡಿದು ಮುಗಿದ ಮೇಲೆ ಅಗಿಯಬೇಕು.

ಮೊಮ್ಮಗಳು ಅನ್ಯಾ ನನ್ನ ಕಿವಿಯ ಹತ್ತಿರ ಬಂದಳು. "ಅಜ್ಜ, ಪಪ್ಪ ನೆವರ್ ಕಾಟ್ ಒನ್. ಫೋಟೊದಲ್ಲಿ ಇರೋದೆಲ್ಲ ಯೋತೆ ಫಿಶ್."

ನನ್ನ ಬಾಯಲ್ಲಿದ್ದ ಚೀಸು ಅಲ್ಲೇ ನಿಂತಿತು. ಅಳಿಯನನ್ನು ನೋಡಿದೆ. ಪರೀಕ್ಷೆಗೆ ಓದದೆ ಬಂದ ಹುಡುಗನ ಹಾಗೆ, ಐಸಿನ ತೂತಿನ ಮುಂದೆ ಗಿಡ್ಡ ಗಾಳ ಹಿಡಿದು ಕುಳಿತಿದ್ದ. ಇವತ್ತು ಒಂದಾದರೂ ಮೀನು ಬೀಳದಿದ್ದರೆ ನನ್ನ ಮುಂದೆ ಅವನ ಮಾನ ಹೋಯಿತು, ಪೇಟೆಯಲ್ಲಿ ನನ್ನದೂ ಹೋಯಿತು.

"ಏನು ಉಮಾಕಾಂತ, ಮೀನೆಲ್ಲ ರಜೆ ಮೇಲೆ ಹೋಗಿವೆಯಾ?"

"ಇವತ್ತು ಪ್ರೆಶರ್ ಲೋ ಇದೆ ಮಾವ. ಅದಕ್ಕೆ ಸ್ವಲ್ಪ ಸ್ಲೋ."

"ಯಾರ ಪ್ರೆಶರು? ಮೀನಿಂದೋ, ನಿಂದೋ?"

ಅಷ್ಟರಲ್ಲಿ ಶಕುಂತಲೆ ಚೀಲದಿಂದ ಮೊರ ತೆಗೆದಳು. ಅಕ್ಕಿ, ಬೆಲ್ಲ, ಅರಿಸಿನ ಎಲ್ಲ ಜೋಡಿಸಿಯೇ ತಂದಿದ್ದಳು. ಊರಿಂದ ಬರುವಾಗ ಆ ಮೊರ ಬಿದಿರಿನ ತಟ್ಟೆಯೋ ಆಯುಧವೋ ಎಂದು ವಿಮಾನ ನಿಲ್ದಾಣದಲ್ಲಿ ವಿಚಾರಣೆ ಆಗಿತ್ತು.

"ಚಳಿಗಾಲವಿಡೀ ಅಳಿಯನಿಗೆ ಇಷ್ಟು ಮೀನು ಕೊಟ್ಟ ಗಂಗೆಗೆ ಬಾಗಿನ ಕೊಡದೆ ಹೋಗೂದುಂಟಾ?" ಎಂದಳು. ಉಮಾಕಾಂತನಿಗೆ ಕೆಮ್ಮು ಬಂತು.

ಯೋತೆ ಏನೋ ಅಂದ. ಅನ್ಯಾ ತಿಳಿಸಿದಳು, "ಅಜ್ಜಿ, ಇಲ್ಲಿ ಏನೂ ಬಿಟ್ಟು ಹೋಗಬಾರದಂತೆ."

"ಮೊರ ವಾಪಸ್ ತಗೊಳ್ತೇನೆ ಹೇಳು ಮಗಾ. ಅಕ್ಕಿ ಬೆಲ್ಲ ಗಂಗೆ ಬಿಡೂದಿಲ್ಲ."

ತೊಂದರೆ ಬೇರೆ ಇತ್ತು. ತೂತು ಒಂದು ಚೊಂಬು ಇಳಿಯುವಷ್ಟು, ಅಷ್ಟೇ. ಮೊರ ಹೇಗೆ ಇಳಿಯಬೇಕು? ಗಾಳದ ಮುಂದಿನಿಂದ ಏಳಲು ನೆಪ ಸಿಕ್ಕ ಅಳಿಯ ದಾರವನ್ನು ಗೂಡಿನ ಕೊಕ್ಕೆಗೆ ಕಟ್ಟಿ, ಐಸು ಕೊರೆಯುವ ಮೆಶಿನ್ ಎತ್ತಿಕೊಂಡ. ಸಾಲಾಗಿ ತೂತು ಕೊರೆಯುತ್ತಾ ಹೋದ. ಯೋತೆ ಗರಗಸ ಹಿಡಿದು ಹಿಂದೆ ಹಿಂದೆ ಕತ್ತರಿಸುತ್ತಾ ಬಂದ.

"ಇನ್ನೂ ಅಗಲ," ಎಂದಳು ಶಕುಂತಲೆ. "ಗಂಗೆಗೆ ಕೊಡೂದರಲ್ಲಿ ಜುಗ್ಗತನ ಬೇಡ."

"ಅಮ್ಮಾ, ಅದು ಮೊರ, ಮಂಟಪ ಅಲ್ಲ," ಎಂದಳು ಅದಿತಿ.

ಅಳಿಯನೂ ಯೋತೆಯೂ ಕೇಳಲಿಲ್ಲ. ದೊಡ್ಡ ಸುತ್ತು ಹಾಕಿ, ಹೊರಟಲ್ಲಿಗೇ ಬಂದು ಮುಟ್ಟಿದರು. ಗರಗಸದ ಕೊನೆಯ ಎಳೆತಕ್ಕೆ ನಮ್ಮ ಕಾಲ ಕೆಳಗಿನ ನೆಲ ಹಡಗಿನ ಹಾಗೆ ಒಂದು ಸಲ ತೂಗಿತು. ಗೂಡು, ಒಲೆ, ಕಾಫಿ ಸಮೇತ ನಾವೆಲ್ಲ ಆ ವೃತ್ತದ ಒಳಗೇ ಇದ್ದೆವು.

ಶಕುಂತಲೆಗೆ ಅದರ ಪರಿವೆಯಿಲ್ಲ. ಅಂಚಿನಲ್ಲಿ ಕೂತು ಅಕ್ಕಿ ಬೆಲ್ಲ ನೀರಿಗೆ ಬಿಟ್ಟಳು. ಬೆಲ್ಲ ಮುಳುಗಿತೋ ಇಲ್ಲವೋ, ಕೊಕ್ಕೆಗೆ ಕಟ್ಟಿದ ದಾರ ತಂಬೂರಿಯ ತಂತಿಯ ಹಾಗೆ ಬಿಗಿಯಿತು.

ಆಮೇಲೆ ಐಸು ತಿರುಗತೊಡಗಿತು. ಮೊದಲು ಗಾಣದ ಹಾಗೆ ಮೆಲ್ಲಗೆ, ಆಮೇಲೆ ಬೀಸುಕಲ್ಲಿನ ಹಾಗೆ. ದಡದ ಮರಗಳು ನಮ್ಮನ್ನು ದಾಟಿ ಹೋಗಿ ಮತ್ತೆ ಬಂದವು. ಯೋತೆಯ ಕಾಫಿ ಲೋಟದ ಅಂಚಿಗೆ ಏರಿ ನಿಂತಿತು, ಚೆಲ್ಲಲಿಲ್ಲ. ಕೆರೆಯ ಮೇಲಿದ್ದವರೆಲ್ಲ ಓಡಿ ಬಂದರು. ಆ ಊರಿನವರು ಸಾಲು ಬಿಟ್ಟು ಏನೂ ಮಾಡುವುದಿಲ್ಲ. ಸಾಲಾಗಿ ನಿಂತು, ಸರದಿ ಬಂದಾಗ ಹತ್ತಿ, ಒಂದು ಸುತ್ತು ತಿರುಗಿ, ಥ್ಯಾಂಕ್ಸ್ ಹೇಳಿ ಇಳಿದರು.

ಉಮಾಕಾಂತ ದಾರ ಹಿಡಿದು ಹಿಂದಕ್ಕೆ ವಾಲಿದ್ದ. ಅವನ ಮುಖದಲ್ಲಿ ಅಂಥ ಸಂತೋಷವನ್ನು ನಾನು ಅವನ ಮದುವೆಯಲ್ಲೂ ನೋಡಿರಲಿಲ್ಲ.

"ಮಾವ, ಬಂತು. ಆದರೆ ಮೇಲೆ ಬರ್ತಾ ಇಲ್ಲ."

ನಾನು ತೂತಿನೊಳಗೆ ಬಗ್ಗಿ ನೋಡಿದೆ. "ಹೇಗೆ ಬರ್ತದೆ ಮಾರಾಯ? ಅದರ ಕಣ್ಣೇ ತೂತು ತುಂಬಿದೆ."

ಕಣ್ಣು ನನ್ನನ್ನು ನೋಡಿತು. ಒಮ್ಮೆ ರೆಪ್ಪೆ ಬಡಿಯಿತು. ಮೀನಿಗೆ ರೆಪ್ಪೆಯಿಲ್ಲ ಅನ್ನುತ್ತೀರಿ, ಇದಕ್ಕಿತ್ತು.

"ಬಾಗಿನ ತಗೊಂಡವಳನ್ನ ಎಳೀತೀರಾ? ಬಿಡಿ," ಎಂದಳು ಶಕುಂತಲೆ.

ಅಳಿಯ ನನ್ನ ಕಡೆ ನೋಡಿದ. ನಾನು ಆಕಾಶ ನೋಡಿದೆ. ಅವನು ಚಾಕು ತೆಗೆದು ತಾನೇ ದಾರ ಕತ್ತರಿಸಿದ. ಐಸು ಇನ್ನೆರಡು ಸುತ್ತು ಹೊಡೆದು ನಿಂತಿತು.

"ಮಾವ," ಎಂದ ಮೆಲ್ಲಗೆ, "ಆ ಫೋಟೊದಲ್ಲಿರೋ ಮೀನು ಒಂದೂ ನಂದಲ್ಲ. ಇದೊಂದೇ ನಂದು. ಇದೂ ಹೋಯ್ತು."

"ಹೋಗಲಿ ಬಿಡೋ. ಮೊಳದುದ್ದದ ಮೀನು ಹಿಡಿಯೋ ಅಳಿಯಂದಿರು ನಮ್ಮೂರಲ್ಲಿ ಮನೆಗೊಬ್ಬ. ಕೆರೆ ತಿರುಗಿಸಿದ ಅಳಿಯ ನನಗೊಬ್ಬನಿಗೇ."

ಅವನು ನಕ್ಕ. ಕತ್ತರಿಸಿದ ಐಸಿನ ಸಂದಿಗೆ ಅಡ್ಡ ಹಲಗೆ ಹಾಸಿ ಗೂಡನ್ನು ದಡಕ್ಕೆ ಎಳೆದೆವು. ಯೋತೆ ಬೆಳಿಗ್ಗೆ ಹಿಡಿದಿದ್ದ ಮೀನಿಗೆ ಶಕುಂತಲೆ ಊರಿನ ಖಾರದ ಮಸಾಲೆ ಹಚ್ಚಿ ಹುರಿದಳು. ಯೋತೆ ಅಳುತ್ತಾ ನಾಲ್ಕು ಮೀನು ತಿಂದ.

ಈಗ ಪೇಟೆಯಲ್ಲಿ ಇದನ್ನು ಒಬ್ಬನೂ ನಂಬುವುದಿಲ್ಲ. ಅಳಿಯನಿಗೆ ಫೋನ್ ಹಚ್ಚಿ ಕೊಟ್ಟೆ, ಅವನೂ ಹೌದು ಎಂದ. ಮನೆಯವರ ಸಾಕ್ಷಿ ನಡೆಯುವುದಿಲ್ಲವಂತೆ, ಹೊರಗಿನವರು ಬೇಕಂತೆ. ನೀವು ಹೊರಗಿನವರೇ ತಾನೆ? ನಾಳೆ ಬೆಳಿಗ್ಗೆ ನನ್ನ ಜೊತೆ ಪೇಟೆಗೆ ಬನ್ನಿ. ಹೆಚ್ಚೇನೂ ಬೇಡ, ನೀವೂ ಹತ್ತಿ ಒಂದು ಸುತ್ತು ತಿರುಗಿದಿರಿ ಅಂದರೆ ಸಾಕು. ತಲೆಗೆ ಏನು ಹಾಕಿದ್ದಿರಿ ಎಂದು ಯಾರಾದರೂ ಕೇಳಿದರೆ ಕೆಂಪು ಉಣ್ಣೆ ಟೋಪಿ ಅನ್ನಿ.