ಮಾತ್ರೆಯ ಹಾಲು

ಸೂಜಿ ಚುಚ್ಚಿದ್ದು ಇರುವೆ ಕಚ್ಚಿದಷ್ಟೇ, ದಿನಕ್ಕೆ ಹತ್ತು ಸಲ ಬೆರಳಿಗೆ ಚುಚ್ಚಿಕೊಳ್ಳುವ ಹೊಲಿಗೆಯವಳಿಗೆ ಇದೇನು ಮಹಾ, ಮುಷ್ಟಿ ಬಿಗಿ ಹಿಡೀರಿ ಅನ್ನುತ್ತಾಳೆ ರಕ್ತ ತೆಗೆಯುವ ನರ್ಸಮ್ಮ, ಕಿಟಕಿಯ ಪರದೆ ಉಬ್ಬಿ ಇಳಿಯುತ್ತದೆ, ಉಸಿರಾಡಿದ ಹಾಗೆ, ಆವತ್ತೂ ಬೆಳಕು ಹೀಗೇ ಬೆಳ್ಳಗಿತ್ತು, ಮಿಷನ್ನಿನ ಮೇಲೆ ಯಾರದೋ ಮಗುವಿನ ಅಂಗಿ, ತೋಳು ಕೂಡಿಸುತ್ತಿದ್ದಳು, ಎದೆಯ ಹತ್ತಿರ ರವಿಕೆ ತಣ್ಣಗಾಯಿತು, ಮುಟ್ಟಿದರೆ ಒದ್ದೆ, ಮೂಸಿದರೆ ಹಾಲು. ಮೂವತ್ತಾರು ವರ್ಷ, ಮದುವೆಯಿಲ್ಲ, ಗಂಡಿನ ಸೋಂಕಿಲ್ಲ, ನಾಲ್ಕು ತಿಂಗಳಿಂದ ಮುಟ್ಟೂ ಇಲ್ಲ, ಹಾಲು ಎಲ್ಲಿಂದ ಬಂತು — ಮೊದಲು ಕಿವಿ ಸುಳ್ಳು ಹೇಳುತ್ತಿತ್ತು, ಗೋಡೆಯೊಳಗಿಂದ ದನಿಗಳು ಹೆಸರು ಹಿಡಿದು ಕರೆಯುತ್ತಿದ್ದವು, ಈಗ ಮೈಯೂ ಸುಳ್ಳು ಕಲಿಯಿತೇ, ಹೇಳಿದರೆ ಇವಳಿಗೆ ಮತ್ತೆ ಕೆಟ್ಟಿತು ಅಂತಾರೆ. ದನಿಗಳನ್ನು ಓಡಿಸಿದ್ದ ಬಿಳಿ ಮಾತ್ರೆಯ ಮೇಲೇ ಗುಮಾನಿ ಬಂದು ಸದ್ದಿಲ್ಲದೆ ಬಿಟ್ಟಳು, ಹತ್ತನೇ ದಿನ ಮಿಷನ್ನು ಮಾತಾಡಿತು, ಮಗು ಎಲ್ಲಿ, ಮಗು ಎಲ್ಲಿ, ಒಂದೊಂದು ಹೊಲಿಗೆಗೂ, ಹುಡುಕಿದಳು, ಕಪಾಟಿನಲ್ಲಿ, ಚಿಂದಿ ಬಟ್ಟೆಯ ಗಂಟಿನಲ್ಲಿ, ಮಂಚದಡಿ, ಅಲ್ಲಿಗೇ ಅತ್ತಿಗೆ ಬಂದು ನೆಲಕ್ಕೆ ಕೂತಳು, ಏನ್ ಹುಡುಕ್ತಿದೀಯೇ, ಮಗೂನ ಅತ್ತಿಗೆ, ನಂಗೆ ಹಾಲು ಬರ್ತಿದೆ, ಅತ್ತಿಗೆ ನಗಲಿಲ್ಲ, ಎಲ್ಲಿ ತೋರ್ಸು ಅಂದಳು, ನೋಡಿದಳು, ಹೌದಲ್ಲೇ, ನಿಜವಾಗ್ಲೂ ಹಾಲೇ — ನಿಜವಾಗ್ಲೂ, ಆ ಒಂದು ಮಾತಿನ ಮೇಲೆ ಮೈಚೆಲ್ಲಿ ಅವಳು ಇಡೀ ಮಧ್ಯಾಹ್ನ ತೇಲಿದಳು. ಮಾತ್ರೆ ಮತ್ತೆ ಶುರುವಾಯಿತು, ಮಿಷನ್ನು ಬರೀ ಮಿಷನ್ನಾಯಿತು, ಇವತ್ತು ಬೆಳಿಗ್ಗೆ ಡಾಕ್ಟರು ಕನ್ನಡಕ ತೆಗೆದಿಟ್ಟು, ಇದು ನಿಮ್ಮ ತಲೆಯ ಆಟ ಅಲ್ಲಮ್ಮ, ಮಾತ್ರೆಯದು, ಪ್ರೊಲ್ಯಾಕ್ಟಿನ್ ಅನ್ನೋ ಹಾರ್ಮೋನು ಏರಿದ್ರೆ ಮುಟ್ಟು ನಿಲ್ಲುತ್ತೆ, ಹಾಲೂ ಬರಬಹುದು, ರಕ್ತ ನೋಡಿ ಮಾತ್ರೆ ಬದಲಾಯಿಸೋಣ, ನೀವಾಗೇ ಬಿಡೋದು ಮಾತ್ರ ಬೇಡ, ಮುಟ್ಟಿನ ವಿಷಯ ನಾನೇ ಮೊದಲು ಕೇಳಬೇಕಿತ್ತು, ತಪ್ಪು ನಂದು ಅಂದರು — ತಪ್ಪು ನಂದು, ಇಷ್ಟು ವರ್ಷದಲ್ಲಿ ಅವಳೆದುರು ಯಾರೂ ಹಾಗಂದದ್ದಿಲ್ಲ, ಸರಿ, ಮಾತ್ರೆ ಬದಲಾದರೆ ಹಾಲು ನಿಲ್ಲುತ್ತದೆ, ನಿಲ್ಲಲಿ, ಹುಟ್ಟದ ಮಗುವಿಗೆ ಬಂದ ಹಾಲು, ಚೂರು ಬೇಜಾರಾಗುತ್ತದೋ ಏನೋ, ಮುಷ್ಟಿ ಬಿಡಿ, ಆಯ್ತು, ಇದನ್ನ ಒಂಚೂರು ಹಿಡ್ಕೊಳ್ಳಿ, ಚೀಟಿ ಬರೀತೀನಿ ಅನ್ನುತ್ತಾಳೆ ನರ್ಸಮ್ಮ, ಅಂಗೈಯಲ್ಲಿ ಕಿರುಬೆರಳಿನಷ್ಟು ನಳಿಕೆ, ತುಂಬಿ, ಮುಚ್ಚಳ ಹಾಕಿ, ಕಡುಗೆಂಪು, ಬೆಚ್ಚಗೆ, ತನ್ನಷ್ಟೇ ಬೆಚ್ಚಗೆ, ಮಲಗಿದೆ — ಬೆಚ್ಚಗೆ —