ಗಿರಣಿಯವನು ತಲೆಯಾಡಿಸಿದ್ದು

ಸದ್ದಿನ ನಡುವೆ ಸಂಸಾರ ಹೂಡಿದ ಇಬ್ಬರ ಕತೆ ಇದು. ಸಾವಧಾನವಾಗಿ ಕೇಳಬೇಕು. ಅವಸರದವರಿಗೆ ಇದರಲ್ಲಿ ಹೆಚ್ಚೇನೂ ದಕ್ಕುವುದಿಲ್ಲ.

ಪೇಟೆಯ ಹಿಂದಿನ ಬೀದಿಯಲ್ಲಿ, ಬೇಕರಿಯ ಪಕ್ಕಕ್ಕೆ, ಒಂದು ಹಿಟ್ಟಿನ ಗಿರಣಿ. ನಡೆಸುತ್ತಿದ್ದವರು ಗಂಡ ಹೆಂಡತಿ ಇಬ್ಬರೇ. ಬೆಳಿಗ್ಗೆ ಗಿರಣಿಯವನು ಕಣ್ಣು ಮುಚ್ಚಿ ಒಂದು ಗಳಿಗೆ ದೇವರನ್ನು ನೆನೆದು ಮೋಟಾರಿನ ಗುಂಡಿ ಒತ್ತಿದನೆಂದರೆ, ಬೆಲ್ಟು ತಿರುಗಿ, ಕಲ್ಲು ಗುಡುಗಿ, ಸಂಜೆಯವರೆಗೆ ಆ ಕೋಣೆಯಲ್ಲಿ ಮನುಷ್ಯರ ಮಾತಿಗೆ ಜಾಗವಿಲ್ಲ. ಹಾಗಾಗಿ ಇಪ್ಪತ್ತಾರು ವರ್ಷಗಳಿಂದ ಅವರ ಮಾತೆಲ್ಲ ಕೈಯಲ್ಲೇ. ಹೆಬ್ಬೆರಳಿಗೆ ತೋರುಬೆರಳು ಉಜ್ಜಿದರೆ ಹಿಟ್ಟು ನಯವಾಗಲಿ ಎಂದು. ಅಂಗೈ ಅಲುಗಿಸಿದರೆ ತರಿ ಸಾಕು ಎಂದು. ಮುಷ್ಟಿಯನ್ನು ಅಂಗೈಗೆ ಒತ್ತಿದರೆ ಕಲ್ಲು ನಿಲ್ಲಿಸಿ ಎಂದು. ಹೆಂಡತಿ ಮೂಗು ಹಿಡಿದು ತೋರಿಸಿದರೆ, ಬೇಕರಿಯವನು ಬಂದಿದ್ದಾನೆ, ಇನ್ನು ಅರ್ಧ ಗಂಟೆ ಕೆಲಸ ಕೆಟ್ಟಿತು ಎಂದು.

ಗೋಡೆಯ ಮೇಲೆ ಬೆಲ್ಟಿನ ಅಂಗಡಿಯವರು ಎಂದೋ ಕೊಟ್ಟ ಕ್ಯಾಲೆಂಡರು ತೂಗುತ್ತಿತ್ತು. ತಿಂಗಳುಗಳೆಲ್ಲ ಹರಿದುಹೋಗಿ ಚಿತ್ರವೊಂದೇ ಉಳಿದಿತ್ತು: ನೀಲಿ ಸಮುದ್ರ, ನಡುವೆ ಒಂದು ದ್ವೀಪ, ನೀರಿನ ಕಡೆಗೆ ಬಾಗಿದ ತೆಂಗಿನ ಮರ, ಮರಳಿನ ಮೇಲೆ ಎರಡು ಖಾಲಿ ಕುರ್ಚಿ. ಹೆಂಡತಿ ವಾರಕ್ಕೊಮ್ಮೆ ಒಣ ಬಟ್ಟೆಯಿಂದ ಅದರ ಮೇಲಿನ ಹಿಟ್ಟು ಒರೆಸುವಳು. ಗೋಡೆ, ಕಿಟಕಿ, ತಕ್ಕಡಿ, ಇವರಿಬ್ಬರ ರೆಪ್ಪೆ ಎಲ್ಲವೂ ಬೆಳ್ಳಗೆ. ಆ ಸಮುದ್ರ ಮಾತ್ರ ನೀಲಿ.

"ಏನ್ರೀ," ಎಂದಳು ಒಂದು ಸಂಜೆ, ಮೋಟಾರು ನಿಂತ ಮೇಲೆ. "ಕಲ್ಲು ಸವೆದಿದೆ, ಹೊಸದು ಕೂರಿಸೋಕೆ ವಾರ ಬೇಕು ಅಂತ ಕಲ್ಲಿನವರು ಹೇಳಿದಾರೆ. ಆ ವಾರ ನಾವು ಅಲ್ಲಿಗೆ ಹೋಗೋಣ."

"ಎಲ್ಲಿಗೆ?"

ಅವಳು ಕ್ಯಾಲೆಂಡರು ತೋರಿಸಿದಳು.

"ಅಲ್ಲಿ ಏನಿದೆ ಅಂತ?"

"ಏನೂ ಇಲ್ಲ. ಅದಕ್ಕೇ. ಸದ್ದಿಲ್ಲದ ಕಡೆ ನಿಮ್ಮ ಪಕ್ಕ ಕೂತು ನಾಲ್ಕು ಮಾತಾಡ್ಬೇಕು. ಇಪ್ಪತ್ತಾರು ವರ್ಷದ ಮಾತು ಹಾಗೇ ಉಳಿದುಬಿಟ್ಟಿದೆ ಕಣ್ರೀ."

ಗಿರಣಿಯವನು ನಕ್ಕ. ಆದರೆ ಆ ನಾಲ್ಕು ಮಾತಿಗೇ ಅವನು ಹೆದರಿದ.

ಯಾಕೆಂದರೆ ಅವನಿಗೆ ಕಿವಿ ಹೋಗುತ್ತಿತ್ತು. ಪೂರ್ತಿ ಹೋಗಿರಲಿಲ್ಲ. ಸದ್ದು ಕೇಳುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ದೂರದ ಗದ್ದಲದ ಹಾಗೆ ಏನೋ ಗುಂಯ್ ಎನ್ನುವುದು, ಅಕ್ಷರಗಳೆಲ್ಲ ಜರಡಿಯಲ್ಲೇ ನಿಂತುಬಿಡುವವು. ಎದುರಿಗಿರುವವರ ತುಟಿ ಕಂಡರೆ ಸಾಕಿತ್ತು. ಯಾರೂ ಕಲಿಸದೆ ಅವನಿಗೆ ತುಟಿ ಓದಲು ಬಂದಿತ್ತು. ಗಿರಣಿಯಲ್ಲಂತೂ ಎಲ್ಲರೂ ಕಿವುಡರೇ, ಗುಟ್ಟು ರಟ್ಟಾಗುವ ಮಾತೇ ಇಲ್ಲ. ಬೆಲ್ಟು ಹೊಲಿಸಿಕೊಂಡು ಬರುತ್ತೇನೆಂದು ಹೇಳಿ ಹೋಗಿ ಒಮ್ಮೆ ಕಿವಿಯ ಡಾಕ್ಟರಿಗೆ ತೋರಿಸಿದ್ದ. ಅವರು ಕಾಗದದ ಮೇಲೆ ಒಂದು ಗೆರೆ ತೋರಿಸಿದರು. ಕಾಳು ಸುರಿಯುವ ತಗಡಿನ ಹಾಗೆ ಅದು ಇಳಿಜಾರಾಗಿ ಕೆಳಗೆ ಜಾರಿತ್ತು. "ಯಂತ್ರದ ಸದ್ದು ಬಿಟ್ಟುಬಿಡಿ. ಇಲ್ಲದಿದ್ದರೆ ಇರೋದೂ ಹೋಗುತ್ತೆ," ಎಂದರು. ಆ ಕಾಗದ ಈಗ ಹಳೆಯ ಬೆಲ್ಟುಗಳ ಕೆಳಗಿತ್ತು.

ಬಿಡುವುದು ಹೇಗೆ? ಗಿರಣಿ ಅವನ ಮಾವನದು. ಹಾಸಿಗೆ ಹಿಡಿದ ಮಾವನ ಕೈ ಹಿಡಿದು, "ನಾನಿರೋವರೆಗೆ ಕಲ್ಲು ನಿಲ್ಲಲ್ಲ," ಎಂದು ಮಾತು ಕೊಟ್ಟಿದ್ದ. ಹೆಂಡತಿಗೆ ಕಿವಿಯ ವಿಷಯ ತಿಳಿದರೆ ಅವಳು ಅದೇ ಗಳಿಗೆಗೆ ಗಿರಣಿಗೆ ಬೀಗ ಹಾಕಿಸುವವಳು. ಆಮೇಲೆ ತಾನು ಯಾರು? ಕಿವಿಯಿಲ್ಲದ, ಕಲ್ಲಿಲ್ಲದ ಒಬ್ಬ ಮುದುಕ. ಈ ಯೋಚನೆ ಬಂದಾಗಲೆಲ್ಲ ಅವನು ಎದ್ದುಹೋಗಿ ಸುಮ್ಮಸುಮ್ಮನೆ ಮೋಟಾರಿಗೆ ಎಣ್ಣೆ ಬಿಡುತ್ತಿದ್ದ.

ಮನೆಯಲ್ಲಿ ಅವನನ್ನು ಕಾಪಾಡಿದ್ದು ಒಂದು ಸಣ್ಣ ಬಲ್ಬು. ಹೆಂಡತಿಗೆ ಚಿಕ್ಕಂದಿನಿಂದ ಕತ್ತಲೆಂದರೆ ಭಯ. ಮಲಗುವ ಕೋಣೆಯಲ್ಲಿ ಜೀರೋ ಬಲ್ಬು ಉರಿಯಲೇಬೇಕು. ಆ ಮಿಣುಕು ಬೆಳಕಿನಲ್ಲಿ ಅವನು ಅವಳ ತುಟಿ ಓದುತ್ತಿದ್ದ. ಅವಳ ಭಯವೇ ಅವನಿಗೆ ಊರುಗೋಲಾಗಿತ್ತು. ಭಗವಂತ ಎಂಥೆಂಥದ್ದನ್ನು ಯಾರ್‍ಯಾರಿಗೆ ಆಸರೆಯಾಗಿ ಇಟ್ಟಿರುತ್ತಾನೋ.

ಪ್ರವಾಸದ ಕಚೇರಿಗೆ ಇಬ್ಬರೂ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಹೋದರು. ಎಷ್ಟು ಕೊಡವಿದರೂ ಅವನ ಕಿವಿಯ ಹಿಂದೆ ಹಿಟ್ಟು ಉಳಿದಿತ್ತು. ಹೆಂಡತಿ ಬಾಗಿಲಲ್ಲಿ ನಿಲ್ಲಿಸಿ ಸೆರಗಿನಿಂದ ಒರೆಸಿದಳು. ಟಿಕೆಟ್ಟಿನ ಹುಡುಗಿ ಕಂಪ್ಯೂಟರು ನೋಡುತ್ತ, ಮುಖ ಪಕ್ಕಕ್ಕೆ ತಿರುಗಿಸಿಕೊಂಡೇ ಮಾತಾಡುವವಳು. ಗಿರಣಿಯವನಿಗೆ ಅರ್ಧ ತುಟಿ ಮಾತ್ರ ಸಿಕ್ಕಿತು. ವಿಮಾನ, ಆಮೇಲೆ ದೋಣಿ; ಇಷ್ಟು ತಿಳಿಯಿತು. ಕುರ್ಚಿಯ ತುದಿಯಲ್ಲಿ ಕೂತು, ಪರೀಕ್ಷೆಗೆ ಬಂದವನ ಹಾಗೆ ಅವಳ ಗಲ್ಲವನ್ನೇ ನೋಡುತ್ತಿದ್ದ. ನಡುವೆ ಹುಡುಗಿ ಏನೋ ಕೇಳಿದಳು. ಹೆಂಡತಿ ತಟ್ಟನೆ ಅವನ ಕಡೆ ತಿರುಗಿದಳು. ಇಬ್ಬರೂ ಅವನ ಉತ್ತರಕ್ಕೇ ಕಾದಿದ್ದರು.

ಅವನು ತಲೆಯಾಡಿಸಿದ. "ಹೂಂ, ಆಗ್ಲಿ ಆಗ್ಲಿ. ಅದೇ ಚೆನ್ನಾಗಿರುತ್ತೆ."

ಹೆಂಡತಿ ಚೀಲದ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡಳು. ಬೀದಿಗೆ ಬಂದ ಮೇಲೆ ಎದುರು ನಿಂತು ಕೇಳಿದಳು: "ನಿಜವಾಗ್ಲೂ ಪರವಾಗಿಲ್ವಾ ನಿಮಗೆ?"

"ಅಯ್ಯೋ, ನನಗೇನಂತೆ," ಎಂದ. ಯಾವುದಕ್ಕೆ ಒಪ್ಪಿದೆನೆಂದು ಅವನಿಗೆ ಗೊತ್ತಿರಲಿಲ್ಲ. ಕೇಳುವ ಹಾಗೂ ಇರಲಿಲ್ಲ.

ಮೂರನೆಯ ದಿನ ಲಕೋಟೆ ಬಂತು. ತಕ್ಕಡಿಯ ಮೇಲೆ ಹರವಿಕೊಂಡು ಓದಿದ. ಹನ್ನೊಂದನೆಯ ನಂಬರಿನ ಕುಟೀರ, ದ್ವೀಪದ ದಕ್ಷಿಣದ ತುದಿ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ: ಇದು ಕಡಲಾಮೆಗಳು ಮೊಟ್ಟೆಯಿಡುವ ತೀರವಾದ್ದರಿಂದ ಸೂರ್ಯ ಮುಳುಗಿದ ನಂತರ ಯಾವುದೇ ದೀಪ ಹಚ್ಚುವಂತಿಲ್ಲ, ಕುಟೀರಕ್ಕೆ ವಿದ್ಯುತ್ ಸಂಪರ್ಕವಿಲ್ಲ, ಇದಕ್ಕೆ ಅತಿಥಿಗಳ ಒಪ್ಪಿಗೆ ಪಡೆಯಲಾಗಿದೆ.

ಅವನು ಆ ಸಾಲನ್ನು ಮತ್ತೊಮ್ಮೆ ಓದಿದ. ಏಳು ರಾತ್ರಿ. ಬಲ್ಬಿಲ್ಲ, ತುಟಿಯಿಲ್ಲ. ಇಪ್ಪತ್ತಾರು ವರ್ಷ ಕೂಡಿಟ್ಟ ಮಾತನ್ನು ಅವಳು ಕತ್ತಲಲ್ಲಿ ಒಂದೊಂದಾಗಿ ಬಿಚ್ಚುವಳು, ತಾನು ಪಕ್ಕದಲ್ಲಿ ಕಂಬದ ಹಾಗೆ ಮಲಗಿರಬೇಕು. ಅದಕ್ಕಿಂತ ಹೆಚ್ಚಾಗಿ, ಕತ್ತಲಿಗೆ ಹೆದರುವ ಹೆಂಡತಿಯನ್ನು ದೀಪವಿಲ್ಲದ ಮನೆಗೆ ಕರೆದೊಯ್ಯಲು ತಾನೇ 'ಚೆನ್ನಾಗಿರುತ್ತೆ' ಎಂದುಬಿಟ್ಟಿದ್ದ!

ಅಷ್ಟರಲ್ಲಿ ಬೇಕರಿಯವನು ಬಂದು ಎದುರಿಗೆ ನಿಂತ. "ಏನಣ್ಣ, ದ್ವೀಪವಂತೆ, ಕುಟೀರವಂತೆ! ಮೈಗೆ ಹಿಟ್ಟು ಮೆತ್ತಿಕೊಂಡು ಹೀಗೇ ಸಮುದ್ರಕ್ಕಿಳಿದುಬಿಟ್ಟೀಯ, ಬಿಸಿಲಿಗೆ ಬ್ರೆಡ್ಡಾಗಿ ಎದ್ದು ಬರ್ತೀಯ ನೋಡು!"

ಗಿರಣಿಯವನಿಗೆ ನಗು ಬರಲಿಲ್ಲ. ಹೆಂಡತಿಯೂ ನಗದೆ ಜರಡಿ ಹಿಡಿಯುತ್ತಿದ್ದಳು. ಈಚೆಗೆ ಮೂರು ದಿನದಿಂದ ಅವಳು ತನ್ನನ್ನು ಒಂದು ಥರ ನೋಡುತ್ತಿದ್ದಾಳೆಂದು ಅವನಿಗೆ ಅನ್ನಿಸುತ್ತಲೇ ಇತ್ತು.

ಮಧ್ಯಾಹ್ನ ಒಬ್ಬನೇ ಕಚೇರಿಗೆ ಓಡಿದ. ಕುಟೀರ ಬದಲಾಯಿಸಿ ಎಂದು ಕೇಳಿದ. ಹುಡುಗಿ ಕಂಪ್ಯೂಟರಿಗೆ ಏನೋ ಹೇಳಿದಳು. "ಸ್ವಲ್ಪ ಬರೆದುಕೊಡಮ್ಮ, ಮನೆಯಲ್ಲಿ ತೋರಿಸಬೇಕು," ಎಂದು ಉಪಾಯ ಹೂಡಿದ. ಅವಳು ಬರೆದಳು: ಬೇರೆ ಯಾವ ಕುಟೀರವೂ ಖಾಲಿಯಿಲ್ಲ. ರದ್ದು ಮಾಡುವುದಾದರೆ ನಾಳೆಯೊಳಗೆ ತಿಳಿಸಿ.

ರದ್ದು ಮಾಡುವುದೇ ಸರಿ ಎಂದು ದಾರಿಯಲ್ಲೆಲ್ಲ ಮನಸ್ಸು ಗಟ್ಟಿ ಮಾಡಿಕೊಂಡ. ಒಳ್ಳೆಯ ನೆಪವೂ ಇತ್ತು. ಗಿರಣಿ ಊಟದ ಹೊತ್ತಿಗೆ ನಿಂತಿತ್ತು.

"ನೋಡೇ, ಆ ದ್ವೀಪ ಬೇಡ," ಎಂದ. "ಅಲ್ಲಿ ದೀಪ ಇಲ್ಲವಂತೆ. ನಿನಗೆ ಕತ್ತಲು ಆಗಲ್ಲ."

"ಆವತ್ತೇ ಆ ಹುಡುಗಿ ಹೇಳಿದಳಲ್ಲ, ಆಮೆ ಇದಾವೆ, ದೀಪ ಇರಲ್ಲ ಅಂತ. ನೀವೇ ಚೆನ್ನಾಗಿರುತ್ತೆ ಅಂದಿರಿ."

"ಅದು... ಆಗ ನಾನು ಯೋಚನೆ ಮಾಡಲಿಲ್ಲ."

"ನನ್ನ ಬಲ್ಬು ಒಂದು ದಿನಾನೂ ಮರೆತವರಲ್ಲ ನೀವು. ಕರೆಂಟು ಹೋದರೆ ಮೊದಲು ನನಗೆ ಮೇಣದ ಬತ್ತಿ ಹುಡುಕೋರು." ಅವಳು ಕೈತೊಳೆದು ಒರೆಸಿಕೊಂಡಳು. "ಇರಲಿ. ಭಯ ನನ್ನದು ತಾನೇ? ಅಭ್ಯಾಸ ಮಾಡಿಕೊಳ್ತೀನಿ. ಬನ್ನಿ ನನ್ನ ಜೊತೆ."

"ಎಲ್ಲಿಗೆ?"

"ಕಾಳಿನ ಕೋಣೆಗೆ."

ಕಾಳಿನ ಕೋಣೆ ಗಿರಣಿಯ ಹಿಂದಿತ್ತು. ಹುಳ ಬೀಳಬಾರದೆಂದು ಕಿಟಕಿಯಿಲ್ಲದೆ ಕಟ್ಟಿದ್ದು. ನಡುಮಧ್ಯಾಹ್ನವೂ ಬಾಗಿಲು ಹಾಕಿದರೆ ಕೈಗೆ ಕೈ ಕಾಣದು. ಇಷ್ಟು ವರ್ಷದಲ್ಲಿ ಅವಳು ಅದರ ಹೊಸ್ತಿಲು ದಾಟಿದ್ದನ್ನು ಅವನು ಕಂಡಿರಲಿಲ್ಲ. ಈಗ ಅವಳೇ ಮುಂದೆ ನಡೆದು ಗೋಧಿಯ ಮೂಟೆಯೊಂದರ ಮೇಲೆ ಅವನನ್ನು ಕೂರಿಸಿ, ತಾನು ಎದುರಿನ ಮೂಟೆಯ ಮೇಲೆ ಕೂತಳು. ಕಾಲು ಚಾಚಿ ಬಾಗಿಲು ತಳ್ಳಿದಳು.

ಕತ್ತಲು ಚೀಲ ಮುಚ್ಚಿದ ಹಾಗೆ ಮುಚ್ಚಿಕೊಂಡಿತು.

ಒಣಕಾಳಿನ ವಾಸನೆ. ಎದುರಿನಿಂದ ಒಂದು ಸಣ್ಣ ಗುಂಯ್. ಅವಳು ಮಾತಾಡುತ್ತಿದ್ದಾಳೆ. ಏನು? ಹೇಗಿದೆ ಅಂತಲೇ? ಸೆಕೆ ಅಂತಲೇ?

"ಹೂಂ," ಎಂದ. "ಆಗ್ಲಿ."

ಮತ್ತೆ ಗುಂಯ್. ಈ ಸಲ ಕೊಂಚ ಎತ್ತರದಲ್ಲಿ.

"ಹೂಂ ಹೂಂ. ಆಗ್ಲಿ ಆಗ್ಲಿ."

ಆಮೇಲೆ ಏನೂ ಇಲ್ಲ.

ಅವನು ಕಾದ. ಎಷ್ಟು ಹೊತ್ತೋ ದೇವರೇ ಬಲ್ಲ. ಅವಳು ಸುಮ್ಮನಿದ್ದಾಳೋ, ಅಳುತ್ತಿದ್ದಾಳೋ, ಭಯಕ್ಕೆ ಎಚ್ಚರ ತಪ್ಪಿದ್ದಾಳೋ; ತಿಳಿಯುವ ದಾರಿ ಒಂದೂ ಇರಲಿಲ್ಲ. ಒಬ್ಬ ಮನುಷ್ಯ ಇನ್ನೊಬ್ಬರಿಂದ ಎಷ್ಟು ದೂರವಿರಬಹುದೆಂದು ಆ ಒಂದು ಮಾರು ಅಂತರದಲ್ಲಿ ಅವನಿಗೆ ತಿಳಿಯಿತು. ಏಳು ರಾತ್ರಿಯೂ ಹೀಗೇ. ಉಳಿದ ಆಯುಷ್ಯವೂ ಹೀಗೇ.

"ಇದೀಯೇನೇ?" ಎಂದ. ತನ್ನ ದನಿಯೂ ಅವನಿಗೆ ನೆಲಮಾಳಿಗೆಯಿಂದ ಬಂದಂತಿತ್ತು. "ಏ, ಮಾತಾಡೇ... ಬೇಡ, ಮಾತಾಡಬೇಡ. ನನಗೆ ಕೇಳಲ್ಲ ಕಣೇ. ಎರಡು ವರ್ಷ ಆಯ್ತು. ನಿನ್ನ ಬಾಯಿ ನೋಡಿ ನೋಡಿ ಕಾಲ ತಳ್ಳಿದೀನಿ. ಆವತ್ತು ಆ ಹುಡುಗಿ ಏನಂದಳೋ ನನಗೆ ಗೊತ್ತೇ ಆಗಲಿಲ್ಲ. ಗಿರಣಿ ಬಿಡಬೇಕಂತೆ. ಮಾವನವರಿಗೆ ಮಾತು ಕೊಟ್ಟಿದೀನಿ. ಹೇಗೆ ಹೇಳಲಿ ನಿನಗೆ?"

ಉತ್ತರ ಬಂತೋ ಇಲ್ಲವೋ. ಕತ್ತಲು ಅಲುಗಲಿಲ್ಲ. ಹೇಳಿ ಮುಗಿಸಿದ ಮೇಲೆ ಇನ್ನೂ ಹೆಚ್ಚು ಭಯವಾಯಿತು.

ಆಗ ಒಂದು ಕೈ ತಡಕುತ್ತ ಅವನ ಮೊಣಕಾಲಿಗೆ ತಾಗಿತು. ಅಲ್ಲಿಂದ ಮುಂಗೈಗೆ. ಬೆವರಿ ಒದ್ದೆಯಾದ ಕೈ. ಅದು ಅವನ ಅಂಗೈಯನ್ನು ಮೇಲ್ಮುಖ ಮಾಡಿ, ಒಂದು ಮುಷ್ಟಿಯನ್ನು ಅದರ ಮೇಲಿಟ್ಟು ಒತ್ತಿತು.

ಕಲ್ಲು ನಿಲ್ಲಿಸಿ.

ಬಾಗಿಲು ತೆರೆದುಕೊಂಡಿತು. ಬೆಳಕಿನಲ್ಲಿ ಅವಳ ಮುಖದ ಹಿಟ್ಟಿನ ಮೇಲೆ ಎರಡು ಗೆರೆ ಇಳಿದಿದ್ದವು. ಅವನಿಗೆ ಕಾಣುವ ಹಾಗೆ ಹತ್ತಿರ ಬಂದು, ಎದುರಿಗೆ ನಿಂತು, ನಿಧಾನವಾಗಿ ಹೇಳಿದಳು.

"ನಾನು ಏನಂದೆ ಗೊತ್ತಾ ಒಳಗೆ? ಭಯ ಆಗ್ತಿದೆ ರೀ, ನನ್ನ ಕೈ ಹಿಡ್ಕೊಳ್ಳಿ ಅಂದೆ. ಎರಡು ಸಲ. ನೀವು ಆಗ್ಲಿ ಆಗ್ಲಿ ಅಂತ ಕೂತಲ್ಲೇ ಕೂತಿದ್ರಿ."

ಅವನು ತಲೆ ತಗ್ಗಿಸಿದ. ಅವಳು ಗಲ್ಲ ಹಿಡಿದು ಎತ್ತಿದಳು. ತಲೆ ತಗ್ಗಿಸಿದರೆ ಅವನಿಗೆ ಮಾತು ಕೇಳದಲ್ಲ.

"ಏಳು ವರ್ಷದವಳಿದ್ದಾಗ ಇದೇ ಕೋಣೆಯಲ್ಲಿ ಸಿಕ್ಕಿಹಾಕಿಕೊಂಡಿದ್ದೆ. ಚಿಲಕ ತಾನಾಗೇ ಬಿದ್ದಿತ್ತು. ಗಿರಣಿ ನಿಂತಿತ್ತು, ಅಪ್ಪ ಈ ಗೋಡೆ ಆಚೆಗೇ ಕೂತಿದ್ರು. ಗಂಟಲು ಹರಿಯೋ ಹಾಗೆ ಕೂಗಿದೆ. ಬರಲಿಲ್ಲ. ಅಮ್ಮ ಬಂದಾಗ ಸಂಜೆ. ನನಗೆ ಕತ್ತಲು ಭಯ ಅಲ್ಲ ರೀ. ಕೂಗಿದ್ರೂ ಯಾರೂ ಬರಲ್ಲ ಅನ್ನೋದು ಭಯ."

"ಮಾವನವರಿಗೂ...?"

"ಹೂಂ. ಯಾರಿಗೂ ಹೇಳಲಿಲ್ಲ ಅವರು. ಅಮ್ಮನಿಗೆ ಮಾತ್ರ ಗೊತ್ತಿತ್ತು. ರಾತ್ರಿ ಅವರ ಅಂಗೈಯಲ್ಲಿ ಸನ್ನೆ ಮಾಡಿ ಮಾತಾಡೋಳು, ಅದನ್ನ ನೋಡಿ ನನಗೆ ತಿಳೀತು; ಅಪ್ಪನ ಗುಟ್ಟು ಅಂತ ನಾನೂ ಬಾಯಿ ಬಿಡಲಿಲ್ಲ."

ಗಿರಣಿಯವನು ಮಾವನನ್ನು ನೆನೆದ. ಹತ್ತು ವರ್ಷ ಪಕ್ಕದಲ್ಲಿ ದುಡಿದಿದ್ದ. ಮಾತು ಕಡಿಮೆಯ ಮನುಷ್ಯ, ಗಂಭೀರ ಸ್ವಭಾವ ಎಂದುಕೊಂಡಿದ್ದ.

"ಆದ್ರೆ ನಾನು ಮಾತು ಕೊಟ್ಟಿದ್ದೆ ಅವರಿಗೆ."

"ಕೊಟ್ರಿ ಬಿಡಿ. ಹಾಸಿಗೆ ಪಕ್ಕ ಬಗ್ಗಿ ಅವರ ಕಿವಿಯಲ್ಲಿ ಹೇಳಿದ್ರಿ. ಅಪ್ಪನಿಗೆ ಅದು ಕೇಳಿಸಿಯೇ ಇಲ್ಲ ಕಣ್ರೀ!"

ಹೇಳಿ, ಅಳುತ್ತಿದ್ದವಳು ಫಕ್ಕನೆ ನಕ್ಕಳು. ಅವನು ನಗಬೇಕೋ ಅಳಬೇಕೋ ತಿಳಿಯದೆ ಗೋಧಿಯ ಮೂಟೆಯ ಮೇಲೆ ಕೂತೇ ಇದ್ದ.

"ಹೊಸ ಕಲ್ಲಿನವರಿಗೆ ಸದ್ಯಕ್ಕೆ ಬರಬೇಡಿ ಅಂತ ನಾನು ಹೇಳ್ತೀನಿ," ಎಂದಳು. "ಗಿರಣಿ ಇರಬೇಕೋ, ಯಾರಿಗಾದ್ರೂ ಕೊಡಬೇಕೋ, ಅಲ್ಲಿಗೆ ಹೋಗಿ ಕೂತು ಮಾತಾಡೋಣ."

"ಅಲ್ಲಿ ಕತ್ತಲಲ್ವೇನೇ."

ಅವಳು ಆ ಗಳಿಗೆಗೇ ಟಿಕೆಟ್ಟಿನ ಹುಡುಗಿಗೆ ಫೋನು ಮಾಡಿದಳು. ಅವನಿಗೆ ಕಾಣುವ ಹಾಗೆ, ಅವನ ಕಡೆ ಮುಖ ಮಾಡಿಕೊಂಡೇ: "ಇಲ್ಲಮ್ಮ, ರದ್ದಿಲ್ಲ. ಒಂದು ವಿಷಯ ಕೇಳಬೇಕಿತ್ತು. ಟಾರ್ಚಿಗೆ ಕೆಂಪು ಕಾಗದ ಸುತ್ತಿದ್ರೆ ಆಮೆಗಳಿಗೆ ತೊಂದರೆ ಇಲ್ವಾ? ... ಕೋಣೆ ಒಳಗೆ, ಪರದೆ ಹಾಕಿಕೊಂಡು... ಒಂದೇ ಟಾರ್ಚು ಸಾಕು. ನನ್ನ ಭಯಕ್ಕೂ ಅದೇ, ನಮ್ಮ ಯಜಮಾನರ ಕಿವಿಗೂ ಅದೇ."

ಗಿರಣಿಯವನಿಗೆ ಕಿವಿಯವರೆಗೆ ಬಿಸಿಯೇರಿತು. ಗುಟ್ಟು ಅವನ ಮನೆಯಿಂದ ಹೊರಬಿದ್ದು ಈಗಾಗಲೇ ಪೇಟೆಯಲ್ಲಿ ನಡೆಯತೊಡಗಿತ್ತು. ನಾಳೆ ಬೇಕರಿಯವನಿಗೂ ತಿಳಿಯುತ್ತದೆ.

ಹೊರಡುವ ಹಿಂದಿನ ದಿನ ಅವರು ಬಾಗಿಲು ಹಾಕಿಕೊಂಡು ಅದೇ ಮೂಟೆಗಳ ಮೇಲೆ ಕೂತರು. ಅವಳು ಕೆಂಪು ಕಾಗದದ ಟಾರ್ಚನ್ನು ಗಲ್ಲದ ಕೆಳಗೆ ಹಿಡಿದಳು. ಕತ್ತಲಿನಲ್ಲಿ ಎರಡು ತುಟಿ ಮಾತ್ರ ಅರಳಿ ಏನೋ ಹೇಳಿದವು. ಅವಳ ಇನ್ನೊಂದು ಕೈ ಅವನ ಕೈಯಲ್ಲಿತ್ತು, ಈಗಲೂ ಬೆವರುತ್ತಿತ್ತು.

"ಕೇಳ್ತಾ?" ಎಂದವು ತುಟಿಗಳು.

ಅಭ್ಯಾಸಬಲದಿಂದ ತಲೆ ಆಡಲು ಹೋಯಿತು. ತಡೆದುಕೊಂಡ. ಅವಳ ಮೊದಲ ಮಾತಿಗೆ ಬೆಳಕು ಕೊಂಚ ಅಲುಗಿ ತುಟಿ ತಪ್ಪಿಹೋಗಿತ್ತು.

"ಇಲ್ಲ," ಎಂದ. "ಇನ್ನೊಂದು ಸಲ ಹೇಳು."