ಫೆರ್ನಾನನ ಗೋಡೆ

"ಎಡಗಡೆಯವ್ರು ನಿಧಾನ. ಮೆಟ್ಲು ಸವೆದಿದೆ, ಕಾಲು ಜಾರುತ್ತೆ," ಎಂದ ಫೆರ್ನಾನ್.

ಅವನ ಹೆಂಡತಿಯ ಶವಪೆಟ್ಟಿಗೆ ಹೊತ್ತಿದ್ದ ನಾಲ್ವರು ಹೆಜ್ಜೆ ನಿಧಾನ ಮಾಡಿದರು. ಎಂಬತ್ತೊಂದರ ಮುದುಕ ಪೆಟ್ಟಿಗೆಯ ಹಿಂದೆ ನಡೆಯುವುದು ಬಿಟ್ಟು, ಮುಂದೆ ನಿಂತು ಹೊರುವವರಿಗೆ ಅಪ್ಪಣೆ ಕೊಡುತ್ತಿದ್ದುದು ಪಾದ್ರಿಗೆ ಸರಿಕಾಣಲಿಲ್ಲ. ಮಗಳು ಮಿರೇಯ್ ಕಣ್ಣಲ್ಲೇ ಪಾದ್ರಿಯನ್ನು ಸುಮ್ಮನಿರಿಸಿದಳು. ಮೂವತ್ತು ವರ್ಷ ರೈಲ್ವೆ ಗ್ಯಾಂಗಿನಲ್ಲಿ ಹಳಿ ಹೊತ್ತವನು ಅಪ್ಪ. ಭಾರ ಇಳಿಸುವ ಕಡೆ ಅವನ ಬಾಯಿ ಸುಮ್ಮನಿರುತ್ತಿರಲಿಲ್ಲ.

ಪೆಟ್ಟಿಗೆ ಗಾಡಿಯೊಳಗೆ ಸೇರಿದ ಮೇಲೆ ಫೆರ್ನಾನ್ ತಲೆ ಎತ್ತಿದ. ಚರ್ಚಿನ ಗೋಡೆಯುದ್ದಕ್ಕೂ ಸೈಕಲ್ಲುಗಳು ಒರಗಿದ್ದವು. ಇಪ್ಪತ್ತೈದಕ್ಕೆ ಕಡಿಮೆಯಿಲ್ಲ. ಚಕ್ರಗಳಿಗೆಲ್ಲ ಜಲ್ಲಿಯ ಬಿಳಿ ಧೂಳು ಮೆತ್ತಿತ್ತು. ಅವುಗಳ ಪಕ್ಕದಲ್ಲಿ ಗುರುತಿಲ್ಲದ ಜನ, ಹೆಲ್ಮೆಟ್ಟನ್ನು ಹೊಟ್ಟೆಗೆ ಅವಚಿಕೊಂಡು ನಿಂತಿದ್ದರು.

"ಇವ್ರೆಲ್ಲ ಯಾರು?"

"ಆರ್ಲೆಟ್‌ಗೆ ಬೇಕಾದೋರು," ಎಂದಳು ಬ್ರೆಡ್ ಅಂಗಡಿಯ ಕೊಲೆಟ್. "ದಾರಿಯವ್ರು."

"ಯಾವ ದಾರಿ?"

"ಯಾವ ದಾರಿ ಅಂತ ನನ್ನ ಕೇಳ್ತೀಯಲ್ಲಪ್ಪ."

ಗ್ಯಾಂಗಿನ ಹಳೆಯ ಜೊತೆಗಾರ ಮಾರ್ಸೋ ಕೋಲೂರಿಕೊಂಡು ಹತ್ತಿರ ಬಂದ. "ನಾನು ಸತ್ರೆ ಇಷ್ಟು ಜನ ಬರಲ್ಲ ಕಣೋ. ಬಂದ್ರೂ, ನಿಜವಾಗ್ಲೂ ಸತ್ನಾ ಅಂತ ನೋಡ್ಕೊಂಡು ಹೋಗೋಕೆ ಬರ್ತಾರೆ."

ಫೆರ್ನಾನ್ ನಗಲಿಲ್ಲ. ಗಾಡಿ ಸಮಾಧಿಯ ಕಡೆ ಹೊರಟಿತು. ಅವನು ಹಿಂದೆ ನಡೆದ. ಅವನ ಬೆನ್ನ ಹಿಂದೆ, ಗುರುತಿಲ್ಲದ ಅಷ್ಟೂ ಜನ ಸೈಕಲ್ಲು ತಳ್ಳಿಕೊಂಡು ಬಂದರು.

*

ವೆಝೇರ್ ಹೊಳೆಯ ಮಗ್ಗುಲಲ್ಲಿ ಓಡುತ್ತಿದ್ದ ರೈಲು ನಿಂತಾಗ ಫೆರ್ನಾನನಿಗೆ ಐವತ್ತು. ಹಳಿ ಕೀಳುವ ಕೆಲಸಕ್ಕೂ ಅದೇ ಗ್ಯಾಂಗನ್ನೇ ಹಚ್ಚಿದರು. ತಾನು ಬಿಗಿದ ಬೋಲ್ಟುಗಳನ್ನು ತಾನೇ ಬಿಚ್ಚಿದ. ಕೊನೆಯ ದಿನ ಮನೆಗೆ ಬಂದವನು ಕೈ ಕೂಡ ತೊಳೆಯದೆ ಮೇಜಿನ ಮುಂದೆ ಕೂತ.

"ಇನ್ನು ಸಾಯೋವರೆಗೂ ಆ ಕಡೆ ಕಾಲಿಡಲ್ಲ."

"ಇಡ್ಬೇಡ," ಎಂದು ಆರ್ಲೆಟ್ ಸೂಪಿನ ತಟ್ಟೆ ಮುಂದಿಟ್ಟಳು. ಒಂದೆರಡು ವರ್ಷದ ಸಿಟ್ಟು ಎಂದುಕೊಂಡಿದ್ದಳು.

ಹನ್ನೆರಡು ವರ್ಷ ಅಲ್ಲಿ ಮುಳ್ಳುಕಂಟಿ ಬೆಳೆಯಿತು. ಆಮೇಲೆ ಅದನ್ನು ಸವರಿ, ಸಣ್ಣ ಜಲ್ಲಿ ಹಾಸಿ, ರೋಲರ್ ಹೊಡೆದರು. ಎರಡು ತುದಿಗೂ ಮರದ ಅಡ್ಡಗಂಬ ನೆಟ್ಟು, ಮೋಟಾರು ವಾಹನ ಬರಕೂಡದು ಎಂದು ಬೋರ್ಡು ಹಾಕಿದರು. ಹೊಳೆಯ ಜೊತೆಜೊತೆಗೇ ಇಪ್ಪತ್ತೇಳು ಕಿಲೋಮೀಟರು, ನಡೆಯುವವರಿಗೆ ಮತ್ತು ಸೈಕಲ್ಲಿನವರಿಗೆ. ಅದೇ ವಸಂತದಲ್ಲಿ ಆರ್ಲೆಟ್ ಯಾರೋ ಬಳಸಿ ಬಿಟ್ಟ ಹಸಿರು ಸೈಕಲ್ಲೊಂದನ್ನು ಕೊಂಡು ತಂದಳು. ಹುಡುಗಿಯಾಗಿದ್ದಾಗ ಬಿಟ್ಟ ಸವಾರಿಯನ್ನು ಅರವತ್ತೊಂದರಲ್ಲಿ ಮತ್ತೆ ಹಿಡಿದಳು.

"ನನ್ನ ಹಳಿ ಕಿತ್ತ ಜಾಗದಲ್ಲಿ ಮೆರವಣಿಗೆ ಹೋಗ್ತೀಯಾ?"

"ಹಳಿ ಹೋಯ್ತು ಫೆರ್ನಾನ್. ಜಾಗ ಏನ್ಮಾಡಿತ್ತು ನಿಂಗೆ?"

ಮರುದಿನ ಬೆಳಿಗ್ಗೆ ಎರಡೂ ಚಕ್ರದಲ್ಲಿ ಗಾಳಿಯಿರಲಿಲ್ಲ. ಅವನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದ. ಆರ್ಲೆಟ್ ಚಕ್ರ ನೋಡಿದಳು, ಕಿಟಕಿ ನೋಡಿದಳು, ನೆರೆಮನೆಯಿಂದ ಪಂಪು ತಂದು ಗಾಳಿ ತುಂಬಿಕೊಂಡು ಹೋದಳು. ಸಂಜೆ ಸ್ವಂತದ್ದೊಂದು ಪಂಪು ಕೊಂಡು ತಂದು ಸೈಕಲ್ಲಿಗೇ ಕಟ್ಟಿಕೊಂಡಳು.

ಹೀಗೆ ಹದಿನೆಂಟು ವರ್ಷ. ಮೊದಮೊದಲು ಬಂದು ಹೇಳುತ್ತಿದ್ದಳು: ಅವರು ಸಿಕ್ಕಿದ್ದರು, ಇವರು ಹೀಗೆಂದರು. ಅವನು ಪೇಪರಿನಿಂದ ತಲೆ ಎತ್ತುತ್ತಿರಲಿಲ್ಲ. ಬರಬರುತ್ತ ಅವಳು ಹೇಳುವುದನ್ನು ಬಿಟ್ಟಳು.

*

ಮಣ್ಣು ಮುಗಿಸಿ ಎಲ್ಲರೂ ಊರಿನ ಸಭಾಭವನಕ್ಕೆ ಬಂದರು. ಉದ್ದ ಮೇಜಿನ ಮೇಲೆ ಕಾಫಿ, ಕೆಂಪು ವೈನು, ಕೊಲೆಟ್ ಮಾಡಿ ತಂದ ಆಕ್ರೋಟಿನ ಕೇಕು. ಐವತ್ತರ ಆಸುಪಾಸಿನ ದಪ್ಪ ಆಳೊಬ್ಬ ಫೆರ್ನಾನನ ಎದುರಿಗೆ ಬಂದು ನಿಂತ. ಕರಿ ಕೋಟು ಯಾರದೋ ಇರಬೇಕು, ತೋಳು ಗಿಡ್ಡವಾಗಿತ್ತು.

"ನಾನು ತಿಯೆರಿ. ನಲ್ಲಿ ಕೆಲಸ ಮಾಡ್ತೀನಿ. ಶುಕ್ರವಾರ ದಾರೀಲಿ ಅವ್ರು ಬೆಂಚಿನ ಹತ್ರ ಕುಸಿದಾಗ... ನಾನೇ ಇದ್ದದ್ದು."

ಫೆರ್ನಾನ್ ಪಕ್ಕದ ಕುರ್ಚಿಯನ್ನು ಕಾಲಿನಿಂದ ಅವನ ಕಡೆಗೆ ಸರಿಸಿದ. "ಯಾರೋ ಇದ್ರು ಅಂತ ಪೊಲೀಸರು ಹೇಳಿದ್ರು. ಹಾಗಾದ್ರೆ ಒಬ್ಳೇ ಇರ್ಲಿಲ್ಲ."

"ಇಲ್ಲ ಯಜಮಾನ್ರೇ. ಆಂಬುಲೆನ್ಸ್ ಬರೋಕೆ ಇಪ್ಪತ್ತು ನಿಮಿಷ ಆಯ್ತು. ಅಷ್ಟು ಹೊತ್ತೂ ಕೈ ಹಿಡ್ಕೊಂಡಿದ್ದೆ."

"ನೋವಿತ್ತಾ?"

"ಇತ್ತು ಅನ್ಸುತ್ತೆ. ತೋರಿಸ್ಕೊಳ್ಲಿಲ್ಲ. ಮಾತಾಡ್ತಾನೇ ಇದ್ರು. ಹೇಗೂ ನಿಮ್ಮ ಗೋಡೆ ಎದುರಿಗೇ ಕಾಣ್ತಿತ್ತಲ್ಲ."

"ನನ್ನ ಗೋಡೆ?"

ತಿಯೆರಿ ಗಲಿಬಿಲಿಗೊಂಡ. "ಫೆರ್ನಾನನ ಗೋಡೆ. ಕಬ್ಬಿಣದ ಸೇತುವೆ ದಾಟಿದ ಮೇಲೆ, ಗುಡ್ಡದ ಕಡೆ. ದಾರೀಲಿ ಓಡಾಡೋರೆಲ್ಲ ಹಾಗೇ ಅಂತೀವಿ. ಎಪ್ಪತ್ತೇಳನೇ ಇಸ್ವೀಲಿ ಗುಡ್ಡ ಕುಸಿದಾಗ ಹನ್ನೊಂದು ದಿನ ಮನೆಗೇ ಬರದೆ ನೀವು ಕಟ್ಟಿದ್ದಂತೆ. ಇವತ್ತಿಗೂ ಒಂದು ಕಲ್ಲು ಅಲುಗಿಲ್ಲ ಅಂತಿದ್ರು. ಹೊಸಬರು ಬಂದ್ರೆ ಸೈಕಲ್ಲಿಂದ ಇಳಿಸಿ, ಕೈಯಲ್ಲಿ ಮುಟ್ಟಿಸಿ, ಆಮೇಲೇ ಮುಂದಕ್ಕೆ ಬಿಡ್ತಿದ್ದದ್ದು."

"ನನ್ನನ್ನೂ ಇಳಿಸಿದ್ರು," ಎಂದಳು ಆಚೆ ಕೂತಿದ್ದ ಹೆಂಗಸು. "ಜೋರು ಮಳೇಲಿ."

ಮಾರ್ಸೋ ಲೋಟ ಕೆಳಗಿಟ್ಟ. "ಹನ್ನೊಂದಲ್ಲ, ಒಂಬತ್ತು ದಿನ. ಕಟ್ಟಿದ್ದು ಎಂಟು ಜನ, ನಾನೂ ಇದ್ದೆ. ನನ್ನ ಹೆಸರು ಎತ್ತಲೇ ಇಲ್ವಾ ಆಯಮ್ಮ?"

"ಇಲ್ಲ," ಎಂದ ತಿಯೆರಿ.

"ನೋಡಿದ್ಯಾ? ಎಂಟು ಜನರ ಬೆವರನ್ನ ಒಬ್ಬನ ತಲೆಗೆ ಸುರಿದುಬಿಟ್ಲು." ಮಾರ್ಸೋ ನಗಲು ಹೋಗಿ, ಆಗದೆ, ಕಿಟಕಿಯ ಕಡೆ ಮುಖ ತಿರುಗಿಸಿಕೊಂಡ.

ಫೆರ್ನಾನ್ ತಟ್ಟೆಯ ಮೇಲಿನ ಕೇಕಿನ ಪುಡಿಯನ್ನು ಬೆರಳಿನಿಂದ ಒಂದು ಕಡೆ ಒಟ್ಟುಮಾಡಿದ. "ಕೊನೇಲಿ ಏನಾದ್ರೂ ಅಂದ್ಲಾ?"

"ಗಂಟೆ ಎಷ್ಟು ಅಂತ ಕೇಳಿದ್ರು. ಹನ್ನೆರಡಕ್ಕೆ ಐದು ನಿಮಿಷ ಇದೆ ಅಂದೆ. 'ಅಯ್ಯೋ, ಅವನು ಊಟಕ್ಕೆ ಕಾಯ್ತಾ ಕೂತಿರ್ತಾನೆ' ಅಂದ್ರು. ಅಷ್ಟೇ."

*

ಆ ಶುಕ್ರವಾರ ಬೆಳಿಗ್ಗೆ ಆರ್ಲೆಟ್ ಕೋಟಿನ ಗುಂಡಿ ಹಾಕಿಕೊಳ್ಳುತ್ತ ಬಾಗಿಲಲ್ಲಿ ನಿಂತಿದ್ದಳು.

"ಸೇತುವೆ ಆಚೆವರೆಗೆ ಬಾ ಫೆರ್ನಾನ್. ನಡ್ಕೊಂಡೇ ಹೋಗೋಣ, ನಾನು ಸೈಕಲ್ ತಳ್ಕೊಂಡು ಬರ್ತೀನಿ. ನಿಂಗೇನೋ ತೋರಿಸ್ಬೇಕು."

"ಕಾಲು ನೋವು."

ಕಾಲು ಚೆನ್ನಾಗಿಯೇ ಇತ್ತು. ಹಿಂದಿನ ದಿನವಿಡೀ ಅವನು ಏಣಿ ಹತ್ತಿ ಆಕ್ರೋಟು ಉದುರಿಸಿದ್ದ, ಅವಳೇ ಕೆಳಗೆ ನಿಂತು ಆರಿಸಿದ್ದಳು.

"ಸರಿ. ಈ ವರ್ಷಾನೂ ಕೇಳಿದ ಹಾಗಾಯ್ತು," ಎಂದು ನಕ್ಕು ಹೊರಟಳು.

ಹನ್ನೆರಡು ಹೊಡೆಯಿತು. ಮೇಜಿನ ಮೇಲೆ ಎರಡು ತಟ್ಟೆಯಿದ್ದವು. ಹನ್ನೆರಡೂ ಐದಕ್ಕೆ ಅವನು ತನ್ನ ಸೂಪು ಬಡಿಸಿಕೊಂಡ. ಬರಲಿ, ತಣ್ಣಗಿನದನ್ನೇ ಕುಡಿಯಲಿ ಎಂದುಕೊಂಡ. ಉಂಡು, ತನ್ನ ತಟ್ಟೆ ತೊಳೆದಿಟ್ಟ. ಅವಳ ತಟ್ಟೆಯನ್ನು ಮೇಜಿನಿಂದ ತೆಗೆದು ಬೀರುವಿನಲ್ಲಿ ಸೇರಿಸಿ, ಬೇಕೆಂದೇ ಬಾಗಿಲು ಸದ್ದು ಮಾಡಿ ಮುಚ್ಚಿದ. ಒಂದೂವರೆಗೆ ಪೊಲೀಸರು ಗೇಟಿನ ಹತ್ತಿರ ಬಂದಾಗ, ತಡವಾಗಿ ಬಂದವಳಿಗೆ ಏನನ್ನಬೇಕು ಎಂದು ಅವನಿನ್ನೂ ಮಾತು ಜೋಡಿಸುತ್ತಿದ್ದ.

*

ಸಭಾಭವನದ ಹಿಂಬಾಗಿಲಿನಿಂದ ಇಳಿದರೆ ಹಳೆಯ ಪ್ಲಾಟ್‌ಫಾರ್ಮು, ಅದರ ಬುಡದಲ್ಲೇ ಜಲ್ಲಿ ದಾರಿ. ಮಿರೇಯ್ ಓಡಿ ಬಂದಳು.

"ಅಪ್ಪಾ, ಎಲ್ಲಿಗೆ? ಕಾರು ತರ್ತೀನಿ ಇರು."

"ಅಲ್ಲಿಗೆ ಕಾರು ಬಿಡಲ್ಲ," ಎಂದ ಫೆರ್ನಾನ್.

ಅವಳು ಅಲ್ಲೇ ನಿಂತಳು. ಅವನು ಇಳಿದ.

ಸಾವಿಗೆಂದು ಹಾಕಿಕೊಂಡ ಬೂಟು ಜಲ್ಲಿಯಲ್ಲಿ ಕಿರುಗುಟ್ಟಿತು. ದಾರಿಯನ್ನು ಚೆನ್ನಾಗಿ ಹಾಸಿದ್ದರು. ನೀರು ಹರಿಯಲು ಎರಡು ಕಡೆ ಇಳಿಜಾರು ಕೊಟ್ಟಿದ್ದರು. ಕೆಲಸ ಗೊತ್ತಿದ್ದವರೇ ಮಾಡಿದ್ದು ಎಂದು ಅವನು ಒಪ್ಪಿಕೊಳ್ಳಬೇಕಾಯಿತು. ಸೇತುವೆಯ ಮೇಲೆ ಎರಡು ಸಲ ನಿಂತು ಉಸಿರು ತೆಗೆದುಕೊಂಡ. ಕೆಳಗೆ ಹೊಳೆ ತನ್ನ ಪಾಡಿಗೆ ಹೋಗುತ್ತಿತ್ತು.

ತಿರುವಿನಲ್ಲಿ ಗೋಡೆ ಕಂಡಿತು. ಅವನು ನೆನಪಿಟ್ಟುಕೊಂಡದ್ದಕ್ಕಿಂತ ಗಿಡ್ಡವಿತ್ತು. ಮೇಲೆಲ್ಲ ಪಾಚಿ ಹಬ್ಬಿತ್ತು. ಎದೆಯೆತ್ತರದಲ್ಲಿ ಮಾತ್ರ ನಾಲ್ಕೈದು ಕಲ್ಲುಗಳಿಗೆ ಪಾಚಿಯಿರಲಿಲ್ಲ. ಎಷ್ಟೋ ಕೈ ಸವರಿ ನುಣ್ಣಗಾಗಿ ಕಪ್ಪಗೆ ಹೊಳೆಯುತ್ತಿದ್ದವು. ಅವನು ಅಂಗೈಯನ್ನು ಅಲ್ಲಿಟ್ಟ. ಕಲ್ಲು ತಣ್ಣಗಿತ್ತು.

ಹಿಂದಿನಿಂದ ಸೈಕಲ್ಲಿನ ಗಂಟೆ ಕೇಳಿಸಿತು. ಮೂರ್ನಾಲ್ಕು ಜನ ಸಾಲಾಗಿ ಬರುತ್ತಿದ್ದರು. ಫೆರ್ನಾನ್ ದಾರಿ ಬಿಟ್ಟು ಹುಲ್ಲಿನ ಮೇಲೆ ಸರಿದ, ಬರುವವರ ಕಡೆ ಮುಖ ಮಾಡಿ ನೆಟ್ಟಗೆ ನಿಂತ, ಹಳಿ ಸರಿಯಿದೆ, ಹೋಗಬಹುದು ಎಂದು ಮೂವತ್ತು ವರ್ಷ ರೈಲಿನ ಚಾಲಕರಿಗೆ ತೋರಿಸುತ್ತಿದ್ದ ಹಾಗೆ ಬಲಗೈಯನ್ನು ತಲೆಯ ಮೇಲೆ ಎತ್ತಿದ. ಕೊನೆಯ ಸೈಕಲ್ಲು ದಾಟಿ ತಿರುವಿನಲ್ಲಿ ಮರೆಯಾಗುವವರೆಗೂ ಆ ಕೈ ಮೇಲೆಯೇ ಇತ್ತು.